ಮಗನಿಗಿಂತ ಮೊದಲು ಮನೆಯವರನ್ನು ಒಪ್ಪಿಸಿದೆ

ನಮ್ಮದು ಕೊಪ್ಪಳ. ಮನೆಯಲ್ಲಿ ನಾವಿಬ್ಬರು, ಅತ್ತೆ, ಮಾವ, ಮೈದುನ, 4 ವರ್ಷದ ಮಗ. ಇಷ್ಟು ಮಂದಿ ಇರುವ ಕಡೆ ಮಗುವಿಗೆ ಎಲ್ಲರೂ ಒಂದೇ ಮಾತು ಹೇಳಬೇಕು ಅಂದರೆ, ದೊಡ್ಡವರನ್ನು ಒಪ್ಪಿಸುವ ಕೆಲಸವೇ ಜಾಸ್ತಿ.

ಮೊಬೈಲ್ ಇಲ್ಲದೆ ಉಣ್ಣಲ್ಲ ಅನ್ನುವ ಹಟ ನಮ್ಮಲ್ಲೂ ಇತ್ತು. ನಾನು ಕೊಡುತ್ತಿರಲಿಲ್ಲ. ಅತ್ತೆ ಒಮ್ಮೊಮ್ಮೆ ಕೊಟ್ಟುಬಿಡುತ್ತಿದ್ದರು. ಬಿ.ಎಡ್ ಓದುವಾಗ ಮನೋವಿಜ್ಞಾನಿ ಸ್ಕಿನ್ನರ್ ಅವರ ಇಲಿ, ಪಾರಿವಾಳದ ಪ್ರಯೋಗಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಸನ್ನೆಕೋಲು ಒತ್ತಿದಾಗಲೆಲ್ಲ ತಿನ್ನಲು ಸಿಗುತ್ತಿದ್ದು ಆಮೇಲೆ ನಿಂತರೆ ಇಲಿ ಬೇಗ ಕೈಬಿಡುತ್ತದೆ. ಆಗಾಗ ಮಾತ್ರ ಸಿಗುತ್ತಿದ್ದರೆ, ನಿಂತ ಮೇಲೂ ಬಹಳ ಹೊತ್ತು ಒತ್ತುತ್ತಲೇ ಇರುತ್ತದೆ. ಮಗು ಇಲಿಯಲ್ಲ, ಸರಿ. ಆದರೆ ಇವತ್ತು ಸಿಕ್ಕರೂ ಸಿಗಬಹುದು ಎಂಬ ಆಸೆ ಇದ್ದರೆ ಅಳು ಯಾಕೆ ನಿಲ್ಲಿಸುತ್ತದೆ?

ಅತ್ತೆಯ ಮುಂದೆ ಸ್ಕಿನ್ನರ್ ಹೆಸರೆತ್ತಲಿಲ್ಲ. "ಅತ್ತೀ, ಕೊಡೋದಾದ್ರ ನೀವಾಗೇ ಕೊಡ್ರಿ. ಅತ್ತ ಮ್ಯಾಲೆ ಮಾತ್ರ ಬ್ಯಾಡ್ರಿ" ಅಂದೆ. "ಕೂಸು ಅಷ್ಟು ಅತ್ರ ಕರುಳು ಚುರ್ ಅಂತೈತಿ ಬೇ" ಅಂದರು. ಅದೂ ನಿಜವೇ. ಕೊನೆಗೆ ಉಣ್ಣುವಾಗ ಮೊಬೈಲ್ ಇಲ್ಲ, ಸಂಜೆ ಅಜ್ಜಿ ಜೊತೆ ಅರ್ಧ ಗಂಟೆ ಟಿವಿ ಅಂತ ಮಾಡಿಕೊಂಡೆವು. ಈ ವಯಸ್ಸಿನವರಿಗೆ ದಿನಕ್ಕೆ 1 ಗಂಟೆ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮದು ಅದರೊಳಗೇ ಇದೆ.

ಶುರುವಿನಲ್ಲಿ ಹಟ ಇನ್ನೂ ಜೋರಾಯಿತು. ಹಾಗಾಗುವುದುಂಟು. ಇಷ್ಟು ದಿನ ನಡೆದ ಅಳು ಈಗ ನಡೆಯದಿದ್ದರೆ ಮಗು ದನಿ ಏರಿಸಿ ನೋಡಬಹುದು. ಬಹಳ ಮನೆಗಳಲ್ಲಿ ಸೋಲುವುದು ಈ ಹೊತ್ತಿನಲ್ಲೇ. ಆಗ ಸೋತರೆ ಮುಂದಿನ ಸಲ ಅದು ಅಲ್ಲಿಂದಲೇ ಶುರು ಮಾಡುತ್ತದೆ. ನಾವು ಗದರಲಿಲ್ಲ, ಸುಮ್ನೆ ಪಕ್ಕದಲ್ಲಿ ಕೂತು ಉಂಡೆವು.

ನಿಯಮಗಳನ್ನೂ ಕಡಿಮೆ ಮಾಡಿದೆ. ಯಾರೂ ಯಾರನ್ನೂ ಹೊಡೆಯುವಂತಿಲ್ಲ, ದೊಡ್ಡವರೂ ಅಷ್ಟೇ. ರಸ್ತೆಯಲ್ಲಿ ಕೈ ಬಿಡುವಂತಿಲ್ಲ. ಮಣ್ಣಾಟ, ಅಂಗಿ ಕೊಳೆ ಇವಕ್ಕೆಲ್ಲ ಬೈಯುವುದು ಬಿಟ್ಟೆ. ಮೇ ತಿಂಗಳ ಸೆಕೆಯಲ್ಲಿ ಕರೆಂಟ್ ಹೋದ ರಾತ್ರಿಯೂ ನನ್ನ ಕೈಲಿ ನಡೆಸಲಾಗುವ ನಿಯಮ ಮಾತ್ರ ಇಟ್ಟುಕೊಂಡೆ.

ಜನವರಿಯ ಗವಿಮಠದ ಜಾತ್ರೆಗೆ ಹೊರಡುವಾಗ "ಒಂದೇ ಆಟಿಗೆ ಸಾಮಾನು, ನೀನೇ ಆರಿಸು" ಅಂತ ಮನೆಯಲ್ಲೇ ಹೇಳುತ್ತೇನೆ. ಆ ಒಂದನ್ನು ತಪ್ಪದೆ ಕೊಡಿಸುತ್ತೇನೆ. ಇಲ್ಲ ಅಂದದ್ದಷ್ಟೇ ಅಲ್ಲ, ಕೊಡ್ತೀನಿ ಅಂದದ್ದೂ ನಡೆಯಬೇಕಲ್ವಾ? ಈ ಸಲ ಎರಡನೆಯದಕ್ಕೆ ಅತ್ತ. ಮೈದುನ ಜೇಬಿಗೆ ಕೈ ಹಾಕಿದ. "ಬ್ಯಾಡೋ, ಒಂದ ಅಂದೀವಿ" ಅಂತ ಅತ್ತೆಯೇ ತಡೆದರು. ಜಾತ್ರೆ ದಿನವೂ ಇದೆಲ್ಲ ಬೇಕಾ ಅಂತ ಮೈದುನ ಈಗಲೂ ನನ್ನ ಜೊತೆ ವಾದ ಮಾಡುತ್ತಾನೆ.