ಹಳೇ 800ಗೆ ಪುಶ್ ಬಟನ್ ಸ್ಟಾರ್ಟ್ ಹಾಕೋದು: ಬಟನ್ ಸುಲಭ, ಸ್ಟೀರಿಂಗ್ ಲಾಕ್ ಕಷ್ಟ

ನಮ್ಮಪ್ಪನ 1998ರ ಮಾರುತಿ 800 ಇನ್ನೂ ಓಡ್ತಿದೆ, ಅದಕ್ಕೆ ಹೋದ ವರ್ಷ ಕೀಲೆಸ್ ಪುಶ್ ಬಟನ್ ಕಿಟ್ ಹಾಕ್ದೆ. ಹೇಗೆ ಹಾಕಿದ್ದು ಅಂತ ತುಂಬಾ ಜನ ಕೇಳ್ತಾರೆ, ಕೇಳೋರೆಲ್ಲ ವೈರಿಂಗ್ ಬಗ್ಗೆನೇ ಕೇಳ್ತಾರೆ, ಸ್ಟೀರಿಂಗ್ ಲಾಕ್ ಏನ್ ಮಾಡಿದ್ರಿ ಅಂತ ಒಬ್ರೂ ಕೇಳಲ್ಲ. ಹಾಗಾಗಿ ಅಲ್ಲಿಂದಾನೇ ಶುರು ಮಾಡ್ತೀನಿ.

ಕೀ ತೆಗೆದ ಮೇಲೆ ಸ್ಟೀರಿಂಗ್ ಸ್ವಲ್ಪ ತಿರುಗಿಸಿದ್ರೆ ಟಕ್ ಅಂತ ಲಾಕ್ ಆಗುತ್ತಲ್ಲ, ಅದು ಕರೆಂಟಿನ ಆಟ ಅಲ್ಲ, ಕೀ ಹಾಕೋ ಬ್ಯಾರೆಲ್ ಒಳಗಿಂದ ಒಂದು ಕಬ್ಬಿಣದ ಪಿನ್ ಹೊರಗೆ ಬಂದು ಸ್ಟೀರಿಂಗ್ ರಾಡ್ ಹಿಡ್ಕೊಳ್ಳುತ್ತೆ. ಬಟನ್ ಕಿಟ್‌ಗೆ ಈ ಪಿನ್ ಇರೋದೇ ಗೊತ್ತಿಲ್ಲ. ಈಗ ಯೋಚ್ನೆ ಮಾಡಿ, ಕೀ ಜೇಬಲ್ಲಿದೆ, ಸ್ಟೀರಿಂಗ್ ನೆಟ್ಟಗೆ ನಿಂತಿದೆ, ಬಟನ್ ಒತ್ತಿದ್ರಿ, ಎಂಜಿನ್ ಸ್ಟಾರ್ಟ್ ಆಯ್ತು, ಗೇಟ್ ದಾಟಿ ರೋಡಿಗೆ ಬಂದು ಮೊದಲನೇ ತಿರುವಲ್ಲಿ ಸ್ಟೀರಿಂಗ್ ತಿರುಗಿಸಿದ್ರಿ, ಟಕ್! ಎದುರಿಗೆ ಬಸ್ ಬರ್ತಿದ್ರೆ ಕಥೆ ಮುಗೀತು. ಈ ಪಿನ್‌ಗೆ ಒಂದು ದಾರಿ ಮಾಡದೆ ಕಿಟ್ ಹಾಕೋಕೆ ಹೋಗಲೇಬೇಡಿ.

ಬ್ಯಾರೆಲ್ ಬಿಚ್ಚಿ ಪಿನ್ನೇ ತೆಗೆಯೋದು ಗಟ್ಟಿ ದಾರಿ, ಆದ್ರೆ ಅದನ್ನ ಹಿಡಿದಿರೋ ಬೋಲ್ಟ್‌ಗಳ ತಲೆ ಸಾಮಾನ್ಯವಾಗಿ ಫ್ಯಾಕ್ಟರಿಯಲ್ಲೇ ಮುರಿದಿರ್ತಾರೆ, ಕಳ್ಳರಿಗೆ ಬಿಚ್ಚೋಕೆ ಆಗ್ಬಾರ್ದು ಅಂತ. ನಮಗೂ ಆಗಲ್ಲ! ನಾನು ಮಾಡಿದ್ದು ಇಷ್ಟು: ಒಂದು ಡೂಪ್ಲಿಕೇಟ್ ಕೀ ಮಾಡ್ಸಿ, ಬ್ಯಾರೆಲ್‌ಗೆ ಹಾಕಿ, ಎಸಿಸಿ ಪೊಸಿಷನ್‌ಗೆ (ಎಂಜಿನ್ ಆನ್ ಆಗದೆ ರೇಡಿಯೋ ಥರದ್ದಕ್ಕೆ ಮಾತ್ರ ಕರೆಂಟ್ ಬರೋ ಜಾಗ) ತಿರುಗಿಸಿ ಅಲ್ಲೇ ಬಿಟ್ಟೆ. ಆ ಪೊಸಿಷನ್‌ನಲ್ಲಿ ಪಿನ್ ಒಳಗೆ ಹೋಗಿರುತ್ತೆ, ಕೀನೂ ಹೊರಗೆ ಬರಲ್ಲ. ಮೊಣಕಾಲಿಗೆ ತಾಗಬಾರ್ದು ಅಂತ ಕೀ ತಲೆ ಕತ್ತರಿಸಿದ್ದೀನಿ, ಪೂರ್ತಿ ಅಲ್ಲ, ಪ್ಲೈಯರ್‌ಗೆ ಹಿಡಿಯೋಕೆ ಸ್ವಲ್ಪ ಉಳಿಸಿದ್ದೀನಿ, ಯಾಕೆ ಅಂತ ಮುಂದೆ ಹೇಳ್ತೀನಿ. ಸ್ಟೀರಿಂಗ್ ಲಾಕ್ ಹೋಯ್ತು ಅಂದ್ಮೇಲೆ ಅದರ ಬದಲಿಗೆ ಗೇರ್ ಲಾಕ್ ಹಾಕಿಸ್ಲೇಬೇಕು, ಇದರಲ್ಲಿ ಚೌಕಾಸಿ ಬೇಡ.

ಈಗ ವೈರಿಂಗ್. ಬೆಂಗಳೂರಲ್ಲಿ ಇರೋರಿಗೆ ಜೆ.ಸಿ. ರೋಡಲ್ಲಿ ಕಿಟ್ ಸಿಗುತ್ತೆ, ಆನ್‌ಲೈನಲ್ಲೂ ಸಿಗುತ್ತೆ. ಬಟನ್, ಒಂದು ಕಂಟ್ರೋಲ್ ಬಾಕ್ಸ್, ವೈರ್ ಗೊಂಚಲು, ಆಂಟೆನಾ, ಎರಡು ರಿಮೋಟ್ ಇರುತ್ತೆ. ತಗೊಳ್ಳೋವಾಗ ಎರಡು ವಿಷಯ ಕೇಳಿ. ಬಟನ್ ಹಿಡಿದಷ್ಟು ಹೊತ್ತು ಕ್ರ್ಯಾಂಕ್ ಮಾಡುತ್ತಾ, ಅಂದ್ರೆ ಸ್ಟಾರ್ಟರ್ ಮೋಟಾರ್‌ನಿಂದ ಎಂಜಿನ್ ತಿರುಗಿಸುತ್ತಾ, ಇಲ್ಲ ಒಂದು ಸೆಕೆಂಡಿಗೆ ತಾನೇ ನಿಲ್ಲಿಸಿಬಿಡುತ್ತಾ? ಕಾರ್ಬ್ಯುರೇಟರ್ ಗಾಡಿಗೆ ಚಳಿಗಾಲದ ಬೆಳಗ್ಗೆ ಚೋಕ್ ಎಳೆದು ಎರಡು ಮೂರು ಸೆಕೆಂಡ್ ಕ್ರ್ಯಾಂಕ್ ಮಾಡ್ಲೇಬೇಕು, ಒಂದು ಸೆಕೆಂಡ್ ಯಾತಕ್ಕೂ ಸಾಲಲ್ಲ. ಎರಡನೇದು, ಓಡ್ತಿರೋವಾಗ ಬಟನ್ ಒಂದ್ಸಲ ತಾಗಿದ್ರೆ ಆಫ್ ಆಗುತ್ತಾ, ಇಲ್ಲ ಒತ್ತಿ ಹಿಡೀಬೇಕಾ? ಒತ್ತಿ ಹಿಡಿಯೋದೇ ಬೇಕು. ಇಂಥ ಕಿಟ್‌ಗೆ ಗಾಡಿ ನಿಂತಿದೆಯೋ ಎಂಬತ್ತರಲ್ಲಿ ಹೋಗ್ತಿದೆಯೋ ಅನ್ನೋದು ಗೊತ್ತಾಗಲ್ಲ, ಮುಂದೆ ಕೂತಿರೋ ಮಗು ಬಟನ್ ಮುಟ್ಟಿದ್ರೆ ಎಂಜಿನ್ ಆಫ್, ಬ್ರೇಕ್ ಬೂಸ್ಟರ್ (ಎಂಜಿನ್ ಬಲದಿಂದ ಬ್ರೇಕ್ ಹಗುರ ಮಾಡೋದು) ಇರೋ ಗಾಡಿಯಲ್ಲಿ ಎರಡು ಸಲ ತುಳಿಯೋಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತೆ.

ಸ್ಟೀರಿಂಗ್ ಕೆಳಗಿನ ಕವರ್ ಬಿಚ್ಚಿದ್ರೆ ಬ್ಯಾರೆಲ್‌ನಿಂದ ಬರೋ ದಪ್ಪ ವೈರುಗಳು, ತುದಿಯಲ್ಲಿ ಒಂದು ಕಪ್ಲರ್ (ವೈರುಗಳನ್ನ ಜೋಡಿಸೋ ಪ್ಲಗ್) ಸಿಗುತ್ತೆ. ವೈರ್ ಬಣ್ಣ ನಂಬ್ಬೇಡಿ, ಇಪ್ಪತ್ತೈದು ವರ್ಷದಲ್ಲಿ ಯಾವ ಯಾವ ಎಲೆಕ್ಟ್ರಿಷಿಯನ್ ಏನೇನು ಮಾಡಿದಾನೋ. ಮಲ್ಟಿಮೀಟರನ್ನ 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ತುದಿಯನ್ನ ಬಾಡಿಗೆ ಹಿಡಿದು ಒಂದೊಂದೇ ವೈರ್ ನೋಡಿ. ಕೀ ಇಲ್ಲದಿದ್ದಾಗ್ಲೂ 12 ವೋಲ್ಟ್ ಇದ್ರೆ ಅದು ನೇರ ಬ್ಯಾಟರಿ ವೈರ್. ಎಸಿಸಿಗೆ ತಿರುಗಿಸಿದಾಗ ಬಂದು, ಕ್ರ್ಯಾಂಕ್ ಮಾಡೋವಾಗ ಸತ್ತುಹೋದ್ರೆ ಅದು ಎಸಿಸಿ. ಆನ್‌ಗೆ ಬಂದು ಕ್ರ್ಯಾಂಕ್ ಮಾಡೋವಾಗ್ಲೂ ಬದುಕಿದ್ರೆ ಅದೇ ಇಗ್ನಿಷನ್. ಕ್ರ್ಯಾಂಕ್ ಮಾಡೋವಾಗ ಮಾತ್ರ ಬಂದ್ರೆ ಸ್ಟಾರ್ಟರ್. ಆನ್‌ಗೆ ಬಂದು ಕ್ರ್ಯಾಂಕಲ್ಲಿ ಸಾಯೋ ಇನ್ನೊಂದು ವೈರೂ ಕೆಲವು ಗಾಡಿಯಲ್ಲಿ ಇರುತ್ತೆ, ಅದು ಬ್ಲೋವರ್ ಥರದ್ದಕ್ಕೆ, ಕಿಟ್‌ನ ಎರಡನೇ ಆನ್ ವೈರ್ ಅಲ್ಲಿಗೆ. ಕ್ರ್ಯಾಂಕ್ ಮಾಡೋವಾಗ ಗಾಡಿ ನ್ಯೂಟ್ರಲ್‌ನಲ್ಲಿ ಇರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಎಲ್ಲಾ ಗುರುತು ಹಾಕಿದ್ಮೇಲೆ 10 ನಂಬರ್ ಸ್ಪ್ಯಾನರ್ ತಗೊಂಡು ಬ್ಯಾಟರಿ ಮೈನಸ್ ಬಿಚ್ಚಿ. ಇನ್ಮೇಲೆ ಸಾಮಾನ್ಯವಾಗಿ ಅಂಗಡಿಯವರು ಮಾಡೋದು ಗಾಡಿ ವೈರ್ ಕತ್ತರಿಸಿ ತಿರುಚಿ ಟೇಪ್ ಸುತ್ತೋದು. ದಯವಿಟ್ಟು ಬೇಡ. ನಾನು ಗುಜರಿಯಿಂದ ಇನ್ನೊಂದು 800ರ ಇಗ್ನಿಷನ್ ಕಪ್ಲರ್ ತಂದೆ, ಅದರ ವೈರುಗಳಿಗೆ ಕಿಟ್ ವೈರುಗಳನ್ನ ಬೆಸುಗೆ ಹಾಕಿ ಬಿಸಿ ಮಾಡಿದ್ರೆ ಬಿಗಿಯಾಗೋ ಶ್ರಿಂಕ್ ಟ್ಯೂಬ್ ಏರಿಸ್ದೆ, ಬ್ಯಾರೆಲ್ ಕಪ್ಲರ್ ಕಿತ್ತು ಅದರ ಜಾಗಕ್ಕೆ ಇದನ್ನ ಚುಚ್ಚಿದೆ. ಗಾಡಿಯ ಇಗ್ನಿಷನ್ ವೈರ್ ಒಂದೂ ಕತ್ತರಿಸಿಲ್ಲ. ಎಸಿಸಿಯಲ್ಲೇ ನಿಂತಿರೋ ಕೀಯಿಂದ ಬ್ಯಾಟರಿ ಇಳಿಯಲ್ಲ, ಯಾಕಂದ್ರೆ ಬ್ಯಾರೆಲ್‌ಗೆ ಈಗ ಕನೆಕ್ಷನ್ನೇ ಇಲ್ಲ. ದಾರಿ ಮಧ್ಯೆ ಕಿಟ್ ಕೈಕೊಟ್ರೆ ಕವರ್ ಬಿಚ್ಚಿ ಹಳೇ ಕಪ್ಲರ್ ವಾಪಸ್ ಚುಚ್ಚಿ, ಉಳಿಸಿರೋ ಕೀ ತುದಿಯನ್ನ ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಿದ್ರೆ ಗಾಡಿ ಸ್ಟಾರ್ಟ್. ಬ್ಯಾಟರಿ ಕಡೆಯಿಂದ ಬರೋ ವೈರ್‌ಗೆ ಕಿಟ್‌ನವರು ಹೇಳಿದ ಫ್ಯೂಸ್ ಇರ್ಲೇಬೇಕು, ಅರ್ತ್ ವೈರನ್ನ ಪೇಂಟ್ ಕೆರೆದ ಬರಿ ಬಾಡಿಗೆ ಬಿಗೀಬೇಕು.

ಈಗ ನಾನು ಮಾಡಿದ ದಡ್ಡತನ. ಕಿಟ್‌ನಲ್ಲಿ ಬ್ರೇಕ್ ವೈರ್ ಅಂತ ಒಂದಿದೆ, ಬ್ರೇಕ್ ತುಳಿದಾಗ ಅದಕ್ಕೆ 12 ವೋಲ್ಟ್ ಬಂದ್ರೇನೇ ಸ್ಟಾರ್ಟ್ ಆಗುತ್ತೆ. ಪೆಡಲ್ ಮೇಲಿರೋ ಬ್ರೇಕ್ ಲೈಟ್ ಸ್ವಿಚ್‌ನಿಂದ ಎಳೆದು ಕೊಟ್ಟೆ, ಮುಗೀತು ಅಂದ್ಕೊಂಡೆ. ಆದ್ರೆ ಈ ಕಿಟ್‌ಗಳು ಆಟೋಮ್ಯಾಟಿಕ್ ಗಾಡಿ ಲೆಕ್ಕದಲ್ಲಿ ಮಾಡಿರೋದು. ಅಪ್ಪ ಗಾಡಿ ನಿಲ್ಲಿಸಿ ಫಸ್ಟ್ ಗೇರ್ ಹಾಕಿಡೋ ಅಭ್ಯಾಸದವರು. ನಾನು ಬ್ರೇಕ್ ಮೇಲೆ ಕಾಲು ಸುಮ್ನೆ ಇಟ್ಟು ಬಟನ್ ಒತ್ತಿದೆ, ಗಾಡಿ ಕಪ್ಪೆ ಥರ ಹಾರಿ ತುಳಸಿಕಟ್ಟೆಗೆ ಗುದ್ದಿತು. ಬಂಪರ್ ಹೋಗಿದ್ದಕ್ಕಿಂತ ಅಮ್ಮನ ಹತ್ರ ಬೈಸ್ಕೊಂಡಿದ್ದೇ ಜಾಸ್ತಿ.

ಪರಿಹಾರ ಅಗ್ಗದ್ದು. ಬೈಕಿನ ಹಿಂದಿನ ಬ್ರೇಕಿಗೆ ಸ್ಪ್ರಿಂಗ್ ಇರೋ ಎಳೆಯೋ ಸ್ವಿಚ್ ಬರುತ್ತಲ್ಲ, ಅದನ್ನ ಕ್ಲಚ್ ಪೆಡಲ್‌ಗೆ ಕಟ್ಟಿ, ಬ್ರೇಕ್ ಲೈಟ್ ಸ್ವಿಚ್‌ಗೂ ಕಿಟ್‌ನ ಬ್ರೇಕ್ ವೈರ್‌ಗೂ ಮಧ್ಯೆ ಸೀರೀಸ್‌ನಲ್ಲಿ ಹಾಕಿ. ಕ್ಲಚ್ ಪೂರ್ತಿ ತುಳಿದು, ಬ್ರೇಕೂ ತುಳಿದ್ರೆ ಮಾತ್ರ ಸ್ಟಾರ್ಟ್. ಕ್ಲಚ್ ಅರ್ಧ ಒತ್ತಿದಾಗ್ಲೇ ಸ್ವಿಚ್ ಆನ್ ಆದ್ರೆ ಸ್ಪ್ರಿಂಗ್ ಸಡಿಲ ಮಾಡಿ. ಇನ್ಮೇಲೆ ಬ್ರೇಕ್ ಲೈಟ್ ಫ್ಯೂಸ್ ಹೋದ್ರೆ ಗಾಡಿನೇ ಸ್ಟಾರ್ಟ್ ಆಗಲ್ಲ ಅನ್ನೋದು ನೆನಪಿರಲಿ. ರಿಮೋಟ್‌ನಲ್ಲಿ ದೂರದಿಂದ ಸ್ಟಾರ್ಟ್ ಮಾಡೋ ಫೀಚರ್ ಇದ್ರೆ ಗೇರ್ ಗಾಡಿಗೆ ಅದರ ವೈರೇ ಜೋಡಿಸ್ಬೇಡಿ, ಆಗ ಗಾಡಿ ಒಳಗೆ ಪೆಡಲ್ ತುಳಿಯೋಕೆ ಯಾರೂ ಇರಲ್ಲ.

ಎಲ್ಲಾ ಆದ್ಮೇಲೆ ಗಾಡಿ ಆಫ್ ಇದ್ದಾಗ ಎಷ್ಟು ಕರೆಂಟ್ ಹೀರುತ್ತೆ ನೋಡಿ. ಮೀಟರ್‌ನ ಕೆಂಪು ವೈರನ್ನ 10 ಆಂಪ್ ತೂತಿಗೆ ಹಾಕಿ, ಬ್ಯಾಟರಿ ಮೈನಸ್ಸಿಗೂ ಅದರ ಕೇಬಲ್‌ಗೂ ಮಧ್ಯೆ ಹಿಡೀರಿ, ಹಿಡಿದಿರೋವಾಗ ಸ್ಟಾರ್ಟ್ ಮಾಡಿದ್ರೆ ಮೀಟರ್ ಢಮಾರ್. ನನ್ನದು 25 ಮಿಲಿಆಂಪ್ ತೋರಿಸ್ತು, ಅಂದ್ರೆ ದಿನಕ್ಕೆ 0.6 ಆಂಪ್ ಅವರ್, ತಿಂಗಳಿಗೆ 18. ಬ್ಯಾಟರಿ ಇರೋದೇ 35ರದ್ದು. ಊರಿಗೆ ಹೋಗಿ ತಿಂಗಳು ಗಾಡಿ ನಿಲ್ಲಿಸೋರು ಮೈನಸ್ ಬಿಚ್ಚಿಟ್ಟು ಹೋಗಿ.

ಹೊಸ ಗಾಡಿ ಇರೋರು, ಅಂದ್ರೆ ಕೀ ಒಳಗೆ ಚಿಪ್ ಇರೋರು, ಈ ಕೆಲಸಕ್ಕೆ ಕೈ ಹಾಕೋ ಮುಂಚೆ ಯೋಚ್ನೆ ಮಾಡಿ. ಬ್ಯಾರೆಲ್ ಸುತ್ತ ಇರೋ ಕಾಯಿಲ್ ಆ ಚಿಪ್ ಓದಿದ್ರೇನೇ ಎಂಜಿನ್ ಓಡುತ್ತೆ, ಅದಕ್ಕೆ ಅಂಗಡಿಯವರು ಎರಡನೇ ಕೀಯನ್ನ ಡ್ಯಾಶ್‌ಬೋರ್ಡ್ ಒಳಗೆ ಟೇಪ್ ಹಾಕಿ ಅಂಟಿಸಿಬಿಡ್ತಾರೆ. ಅಲ್ಲಿಗೆ ಕಂಪನಿ ಕೊಟ್ಟ ಕಳ್ಳತನದ ರಕ್ಷಣೆ ಗೋವಿಂದ. ಇನ್ನೊಂದು ವಿಷಯ, ಗಾಡಿ ಕಳುವಾದ್ರೆ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಮೊದ್ಲು ಕೇಳೋದು ಎರಡೂ ಒರಿಜಿನಲ್ ಕೀ ಕೊಡಿ ಅಂತ. ಒಂದು ಕೀ ಕಳ್ಳನ ಜೊತೆಗೇ ಗಾಡಿಯೊಳಗೆ ಹೋಗಿದೆ ಅಂತ ಹೇಳ್ತೀರಾ? ನಾನು ಡೂಪ್ಲಿಕೇಟ್ ಕೀ ಮಾಡ್ಸಿದ್ದೂ ಅದಕ್ಕೇ, ಒರಿಜಿನಲ್ ಎರಡೂ ಆರ್‌ಸಿ ಜೊತೆ ಬೀರುವಿನಲ್ಲಿವೆ.