ತವರಿನ ಬಡತನ ನೀಗಲು ವಿದೇಶದಿಂದ ನೆರವು: ಸಂಸ್ಥೆ ಕಟ್ಟುವವರು ತಿಳಿದಿರಬೇಕಾದದ್ದು

ಅಮೆರಿಕದಲ್ಲಿ ನೆಲೆಸಿದ ನಾಲ್ಕೈದು ಕನ್ನಡ ಕುಟುಂಬಗಳು ಸೇರಿ ರಾಯಚೂರು, ಯಾದಗಿರಿ ಸೀಮೆಯ ಬಡವರಿಗೆ ನೆರವಾಗಲು ಹೊರಟಾಗ ಸಾಮಾನ್ಯವಾಗಿ ಮೊದಲು ದೇಣಿಗೆ ಎತ್ತಿ, ಆಮೇಲೆ ಅದನ್ನು ಕಳುಹಿಸುವ ದಾರಿ ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಒಳ್ಳೆಯದು. ವಿದೇಶಿ ಹಣವನ್ನು ಪಡೆಯಲು ಕಾನೂನಿನ ಅರ್ಹತೆಯಿರುವ ಮತ್ತು ಹಳ್ಳಿಯಲ್ಲಿ ತಾನೇ ಕೆಲಸ ಮಾಡುತ್ತಿರುವ ಸಂಸ್ಥೆಯೊಂದು ಊರ ಕಡೆ ಸಿಕ್ಕ ಮೇಲಷ್ಟೇ ದಾನಿಗಳನ್ನು ಕೇಳಬೇಕು.

ಯಾರ ಹಣ ವಿದೇಶಿ ಎನಿಸಿಕೊಳ್ಳುತ್ತದೆ ಎಂಬುದನ್ನು ಮೊದಲು ಬಿಡಿಸಿಕೊಳ್ಳಿ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಸಿಆರ್‌ಎ, ಭಾರತದ ಪಾಸ್‌ಪೋರ್ಟ್ ಇರುವವರು ಹೊರದೇಶದಲ್ಲಿ ದುಡಿದ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದಾನವನ್ನು ವಿದೇಶಿ ವಂತಿಗೆಯಾಗಿ ಎಣಿಸುವುದಿಲ್ಲ. ಪೌರತ್ವ ಬದಲಾದ ಮೇಲೆ, ಕೈಯಲ್ಲಿ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅದೇ ವ್ಯಕ್ತಿಯ ದಾನ ವಿದೇಶಿಯಾಗುತ್ತದೆ. ಅಮೆರಿಕದಲ್ಲಿ ನೋಂದಾಯಿಸಿದ ಸಂಸ್ಥೆ ಕಳುಹಿಸುವ ಹಣವಂತೂ, ಅದನ್ನು ಕೂಡಿಸಿದವರೆಲ್ಲ ಭಾರತೀಯ ನಾಗರಿಕರೇ ಆಗಿದ್ದರೂ, ವಿದೇಶಿಯೇ. ಹಾಗಾಗಿ ಗುಂಪಿನಲ್ಲಿರುವವರೆಲ್ಲ ಭಾರತೀಯ ಪಾಸ್‌ಪೋರ್ಟಿನವರಾಗಿದ್ದು, ಅಮೆರಿಕದ ತೆರಿಗೆ ವಿನಾಯಿತಿ ಬೇಡವೆನ್ನುವುದಾದರೆ, ಹೊಸ ಸಂಸ್ಥೆಯ ಗೊಡವೆಯೇ ಬೇಕಿಲ್ಲ. ಪ್ರತಿಯೊಬ್ಬರೂ ನೇರವಾಗಿ ದಾನ ಮಾಡಿ, ಪಾಸ್‌ಪೋರ್ಟ್ ವಿವರವನ್ನು ಸ್ವೀಕರಿಸುವವರ ಕಡತಕ್ಕೆ ಒದಗಿಸಿದರೆ ಸಾಕು.

ಸಂಸ್ಥೆಯ ಮೂಲಕವೇ ಕಳುಹಿಸುವುದಾದರೆ ಊರ ಕಡೆಯ ಪಾಲುದಾರರನ್ನು ಆರಿಸುವುದರಲ್ಲೇ ಹೆಚ್ಚಿನ ಶ್ರಮವಿದೆ. ಅವರ ಎಫ್‌ಸಿಆರ್‌ಎ ನೋಂದಣಿ 5 ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಆದ್ದರಿಂದ ಪ್ರಮಾಣಪತ್ರದ ಮೇಲಿನ ಅವಧಿಯನ್ನು ನೀವೇ ಓದಿ ನೋಡಿ. ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಅವರು ತೆರೆದಿರುವ ನಿಗದಿತ ಖಾತೆಗೇ ಹೋಗಬೇಕು. ಊರಿನ ಶಾಖೆಯ ಖಾತೆ ಸಂಖ್ಯೆಯನ್ನು ಯಾರಾದರೂ ಕೊಟ್ಟರೆ ಅಲ್ಲೇ ನಿಲ್ಲಿಸಿ. 2020ರ ತಿದ್ದುಪಡಿ ಇನ್ನೂ ದೊಡ್ಡ ಬದಲಾವಣೆ ತಂದಿತು. ಅದಕ್ಕೆ ಮುಂಚೆ ನಗರದ ದೊಡ್ಡ ಸಂಸ್ಥೆಯೊಂದು ವಿದೇಶಿ ಹಣ ಪಡೆದು, ನೋಂದಣಿಯಿದ್ದ ಚಿಕ್ಕ ಸಂಸ್ಥೆಗಳಿಗೆ ಹಂಚಬಹುದಿತ್ತು. ಈಗ ಪಡೆದವರು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹೀಗಾಗಿ ಅಂದವಾದ ವರದಿಗಿಂತ ಆ ತಾಲ್ಲೂಕಿನಲ್ಲಿ ಅವರ ಸಂಬಳದ ಕಾರ್ಯಕರ್ತರು ಎಷ್ಟು ಮಂದಿ ಇದ್ದಾರೆ ಎಂಬ ಪ್ರಶ್ನೆಗೆ ಹೆಚ್ಚು ತೂಕ ಕೊಡಿ. ಆಡಳಿತ ವೆಚ್ಚ ಶೇ. 20 ಮೀರಬಾರದೆಂಬ ನಿಯಮವನ್ನು ನೋಡಿ ಸಂಬಳವೆಲ್ಲ ಪೋಲು ಎಂದು ಭಾವಿಸುವ ದಾನಿಗಳಿದ್ದಾರೆ. ಶಾಲೆಯ ಶಿಕ್ಷಕರ, ಆಸ್ಪತ್ರೆಯ ವೈದ್ಯರ ಸಂಬಳ ಆ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಅವರಿಗೆ ತಿಳಿಸಬೇಕು.

ನಿಮಗೆ ಒಪ್ಪಿಗೆಯಾದ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿಯೇ ಇಲ್ಲದಿದ್ದರೆ, ಅದನ್ನು ಪಡೆಯಲು ಸಾಮಾನ್ಯವಾಗಿ 3 ವರ್ಷದ ಅಸ್ತಿತ್ವವೂ ಆ ಅವಧಿಯಲ್ಲಿ ತನ್ನ ಉದ್ದೇಶಗಳಿಗಾಗಿ 15 ಲಕ್ಷ ರೂಪಾಯಿ ಖರ್ಚು ಮಾಡಿದ ಲೆಕ್ಕವೂ ಬೇಕಾಗುತ್ತದೆ. ಅಷ್ಟು ಹಳತಲ್ಲದ ಸಂಸ್ಥೆ ನಿರ್ದಿಷ್ಟ ದಾನಿ, ಮೊತ್ತ ಮತ್ತು ಕೆಲಸಕ್ಕೆ ಸೀಮಿತವಾದ ಪೂರ್ವಾನುಮತಿ ಕೇಳಬಹುದು. ಆಗ ಮೊತ್ತ, ಉದ್ದೇಶಗಳನ್ನು ನಮೂದಿಸಿದ ಬದ್ಧತಾ ಪತ್ರವನ್ನು ನೀವು ಬರೆದುಕೊಡಬೇಕು.

ಅಮೆರಿಕದ ಕಡೆಯ ಕೆಲಸ ಇದಕ್ಕಿಂತ ಹಗುರ. ನೀವಿರುವ ರಾಜ್ಯದಲ್ಲಿ ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿ, ತೆರಿಗೆ ವಿನಾಯಿತಿ ಕೊಡುವ 501(ಸಿ)(3) ಮಾನ್ಯತೆಗೆ ಅಲ್ಲಿನ ತೆರಿಗೆ ಇಲಾಖೆಯ 1023ನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ವಾರ್ಷಿಕ ಆದಾಯ 50,000 ಡಾಲರಿನೊಳಗೆ ಇರುವ ಚಿಕ್ಕ ಸಂಸ್ಥೆಗಳಿಗೆ ಸಂಕ್ಷಿಪ್ತ ನಮೂನೆಯೂ ಇದೆ. 990 ಸರಣಿಯ ನಮೂನೆಯಲ್ಲಿ ಕೊಡಬೇಕಾದ ವಾರ್ಷಿಕ ವಿವರವನ್ನು ಸತತ 3 ವರ್ಷ ಸಲ್ಲಿಸದಿದ್ದರೆ ಮಾನ್ಯತೆ ತಾನಾಗಿಯೇ ರದ್ದಾಗುತ್ತದೆ. ಹಣದ ಮೇಲಿನ ಹಿಡಿತ ನಿಮ್ಮ ಆಡಳಿತ ಮಂಡಳಿಯ ಬಳಿಯೇ ಉಳಿಯಬೇಕು. ‘ಇದು ನಮ್ಮ ಅತ್ತಿಗೆಯ ಊರಿನ ಇಂಥವರಿಗೇ ತಲುಪಲಿ’ ಎಂಬ ಷರತ್ತಿನ ಚೆಕ್ಕನ್ನು ವಿನಯದಿಂದ ಹಿಂದಿರುಗಿಸಿ.

ಎಲ್ಲಿ, ಯಾವುದಕ್ಕೆ ಎಂಬುದು ನಂತರದ ಪ್ರಶ್ನೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಕರೆದಿತ್ತು. ಪಟ್ಟಿ ಹಳೆಯದಾದರೂ ಸದಸ್ಯರು ತಂತಮ್ಮ ಊರಿಗಾಗಿ ಜಗ್ಗಾಡುವಾಗ ಅದನ್ನು ಮೇಜಿನ ಮೇಲಿಟ್ಟರೆ ಮಾತು ಹಾದಿಗೆ ಬರುತ್ತದೆ. ಹೆಸರು ಕೆತ್ತಿಸಿದ ಕಟ್ಟಡದ ಆಸೆಯನ್ನು ಬಿಡಿ. ಪಡಿತರದ ಅಕ್ಕಿಯನ್ನು ಅನ್ನಭಾಗ್ಯ ಕೊಡುತ್ತಿರುವಾಗ ಇನ್ನೊಂದು ಮೂಟೆಯಿಂದ ಆಗುವುದು ಕಡಿಮೆ. ಪಡಿತರ ಚೀಟಿ, ವಿಧವಾ ವೇತನ, ಅಂಗವಿಕಲರ ಪ್ರಮಾಣಪತ್ರಗಳಿಗಾಗಿ ಜನರ ಜೊತೆ ತಾಲ್ಲೂಕು ಕಚೇರಿಗೆ ಅಲೆಯುವ ಒಬ್ಬ ಕಾರ್ಯಕರ್ತೆಯ ಸಂಬಳ ಅದಕ್ಕಿಂತ ಹೆಚ್ಚು ಮನೆಗಳನ್ನು ಮುಟ್ಟುತ್ತದೆ. ಗುಳೆ ಹೋಗುವ ಕುಟುಂಬಗಳ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನದ ವಸತಿ ನಿಲಯ ನಡೆಸುವುದೂ ಅಂಥದೇ ಕೆಲಸ. ಅದರ ಹಣ ಗುಳೆ ಶುರುವಾಗುವ ಮೊದಲೇ ತಲುಪಿರಬೇಕು. ತಾಯಿತಂದೆ ಮಕ್ಕಳನ್ನು ಕರೆದುಕೊಂಡು ಹೊರಟ ಮೇಲೆ ಬಂದ ಕಂತು ಬ್ಯಾಂಕಿನಲ್ಲಿ ಮಲಗಿರುತ್ತದೆ.

ಒಂದೇ ಸಲ ಕೊಡದೆ ಕಂತುಗಳಲ್ಲಿ ಕೊಡಿ. ಹಿಂದಿನ ಕಂತಿನ ಖರ್ಚಿನ ವಿವರ ಬಂದ ಮೇಲೆ ಮುಂದಿನದು ಹೊರಡಲಿ. ಫಲಾನುಭವಿ ಮಕ್ಕಳು ಧನ್ಯವಾದ ಹೇಳುವ ವಿಡಿಯೊಗಳನ್ನು ಕೇಳಬೇಡಿ. ಪಾಲುದಾರರು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕವನ್ನು ಡಿಸೆಂಬರ್ 31ರೊಳಗೆ ಎಫ್‌ಸಿ-4 ನಮೂನೆಯಲ್ಲಿ ಕೇಂದ್ರ ಸರ್ಕಾರಕ್ಕೆ ಒಪ್ಪಿಸುತ್ತಾರೆ. ನಿಮ್ಮ ಸಂಸ್ಥೆಯ ಲೆಕ್ಕದ ವರ್ಷವನ್ನೂ ಆರಂಭದಲ್ಲೇ ಏಪ್ರಿಲ್‌ಗೆ ಹೊಂದಿಸಿಕೊಂಡರೆ ಎರಡೂ ಪುಸ್ತಕಗಳ ಮೊತ್ತವನ್ನು ಸಾಲಿಗೆ ಸಾಲಿಟ್ಟು ತಾಳೆ ನೋಡಬಹುದು.