ನಾಲ್ವರು ಗೆಳೆಯರು, 18 ಹೋಲ್, ಒಂದು ತಿಂಡಿಯ ಬಿಲ್: ಗಾಲ್ಫ್‌ನಲ್ಲಿ ಸ್ನೇಹದ ಬಾಜಿ ಕಟ್ಟುವ ಕ್ರಮ

ಗಾಲ್ಫ್ ಆಡಲು ಹೊರಟ ನಾಲ್ವರಲ್ಲಿ ಒಬ್ಬರು 80 ಚಿಲ್ಲರೆ ಹೊಡೆತಗಳಲ್ಲಿ 18 ಹೋಲ್‌ಗಳ (ಚೆಂಡನ್ನು ಸೇರಿಸಬೇಕಾದ ಗುಳಿಗಳ) ಸುತ್ತು ಮುಗಿಸುವವರಾಗಿದ್ದು, ಇನ್ನೊಬ್ಬರು 110 ದಾಟದಿದ್ದರೆ ಸಾಕೆಂದು ಬಯಸುವವರಾಗಿದ್ದರೆ, ಒಟ್ಟು ಹೊಡೆತಗಳನ್ನು ಎಣಿಸಿ ಗೆಲುವನ್ನು ನಿರ್ಧರಿಸುವ ಆಟದ ಫಲಿತಾಂಶ ಮೊದಲ ನಾಲ್ಕೈದು ಹೋಲ್‌ಗಳಲ್ಲಿಯೇ ಗೊತ್ತಾಗಿಬಿಡುತ್ತದೆ. ಉಳಿದ ಮೂರು ಗಂಟೆಗಳ ಕಾಲ ಗೆದ್ದವರಿಗೂ ಸೋತವರಿಗೂ ಆಡಲು ಏನೂ ಉಳಿದಿರುವುದಿಲ್ಲ. ಈ ಕೊರತೆಯನ್ನು ನೀಗಿಸಲೆಂದೇ ಆಟಗಾರರು ನೂರು ವರ್ಷಕ್ಕೂ ಹಿಂದಿನಿಂದ ಬಗೆಬಗೆಯ ಆಟದ ಕ್ರಮಗಳನ್ನು ರೂಪಿಸಿಕೊಂಡು ಬಂದಿದ್ದಾರೆ. ಅವುಗಳಲ್ಲಿ ಒಳ್ಳೆಯದು ಯಾವುದೆಂದು ತಿಳಿಯಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಗುಂಪಿನ ಅತ್ಯಂತ ದುರ್ಬಲ ಆಟಗಾರ ಹದಿನೆಂಟನೇ ಟೀಗೆ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗಕ್ಕೆ) ಬಂದು ನಿಂತಾಗಲೂ ಗೆಲ್ಲುವುದಕ್ಕೆ ಏನಾದರೂ ಉಳಿದಿರಬೇಕು.

1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್‌ನಿಂದ ಹಿಡಿದು ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್, ಚಿಕ್ಕಮಗಳೂರು ಮತ್ತು ಕೊಡಗಿನ ಮೈದಾನಗಳವರೆಗೆ ವಾರದ ಕೊನೆಯ ಬೆಳಗಿನ ಆಟ ಹೆಚ್ಚಾಗಿ ನಾಲ್ವರ ಗುಂಪಿನದೇ ಆಗಿರುತ್ತದೆ. ಆಟಗಾರರು ಅದನ್ನು ಫೋರ್‌ಬಾಲ್ ಎಂದು ಕರೆಯುತ್ತಾರೆ. ಆದ್ದರಿಂದ ಇಲ್ಲಿಯ ಲೆಕ್ಕಗಳನ್ನೆಲ್ಲ 6, 12, 18 ಮತ್ತು 24 ಹ್ಯಾಂಡಿಕ್ಯಾಪ್ (ಆಟದ ಮಟ್ಟಕ್ಕೆ ತಕ್ಕಂತೆ ಲೆಕ್ಕದಲ್ಲಿ ಕಳೆಯಲು ಕೊಡುವ ರಿಯಾಯಿತಿ ಹೊಡೆತಗಳು; ದುರ್ಬಲ ಆಟಗಾರನಿಗೆ ಹೆಚ್ಚು) ಇರುವ ನಾಲ್ವರನ್ನು ಮುಂದಿಟ್ಟುಕೊಂಡೇ ವಿವರಿಸುತ್ತೇನೆ.

ಟೀಗೆ ಹೋಗುವ ಮೊದಲು

ಮೊದಲನೆಯ ಕೆಲಸ ಹ್ಯಾಂಡಿಕ್ಯಾಪ್‌ಗಳನ್ನು ಸರಿಯಾಗಿ ಬರೆದುಕೊಳ್ಳುವುದು. 2020ರಿಂದ ಜಾರಿಯಲ್ಲಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಪ್ರತಿ ಆಟಗಾರನಿಗೂ ಒಂದು ಹ್ಯಾಂಡಿಕ್ಯಾಪ್ ಇಂಡೆಕ್ಸ್ ಇರುತ್ತದೆ. ಅದರ ಗರಿಷ್ಠ ಮಿತಿ 54. ಆ ದಿನ ಆಡುವ ಮೈದಾನ ಮತ್ತು ಟೀಗೆ ತಕ್ಕಂತೆ ಇಂಡೆಕ್ಸನ್ನು ಕೋರ್ಸ್ ಹ್ಯಾಂಡಿಕ್ಯಾಪ್ ಆಗಿ ಬದಲಿಸಿಕೊಳ್ಳಬೇಕು, ಬಾಜಿಯ ಲೆಕ್ಕಕ್ಕೆ ಬೇಕಾದದ್ದು ಇದೇ. ಸ್ಕೋರ್‌ಕಾರ್ಡ್‌ನಲ್ಲಿ ಪ್ರತಿ ಹೋಲ್‌ನ ಎದುರು ಮುದ್ರಿಸಿರುವ 1ರಿಂದ 18ರವರೆಗಿನ ಸ್ಟ್ರೋಕ್ ಇಂಡೆಕ್ಸ್ (1 ಎಂದರೆ ಅತಿ ಕಠಿಣವಾದ ಹೋಲ್), ರಿಯಾಯಿತಿಯ ಹೊಡೆತಗಳು ಯಾವ ಹೋಲ್‌ಗಳಲ್ಲಿ ದೊರೆಯುತ್ತವೆ ಎಂಬುದನ್ನು ತಿಳಿಸುತ್ತದೆ. ಪರಸ್ಪರ ಎದುರಾಗಿ ಆಡುವಾಗ ಅತಿ ಕಡಿಮೆ ಹ್ಯಾಂಡಿಕ್ಯಾಪ್ ಇರುವವರನ್ನು ಸೊನ್ನೆಯೆಂದು ಇಟ್ಟುಕೊಂಡು ಉಳಿದವರಿಗೆ ವ್ಯತ್ಯಾಸವನ್ನಷ್ಟೇ ಕೊಡುವುದು ರೂಢಿ. ನಮ್ಮ ನಾಲ್ವರಲ್ಲಿ ಆಗ 0, 6, 12 ಮತ್ತು 18 ರಿಯಾಯಿತಿ ಹೊಡೆತಗಳಾಗುತ್ತವೆ. 12ರ ಆಟಗಾರನಿಗೆ ಸ್ಟ್ರೋಕ್ ಇಂಡೆಕ್ಸ್ 1ರಿಂದ 6ರವರೆಗಿನ ಹೋಲ್‌ಗಳಲ್ಲಿ ಒಂದೊಂದು ಹೊಡೆತ ಸಿಕ್ಕರೆ, 24ರ ಆಟಗಾರನಿಗೆ ಎಲ್ಲ ಹೋಲ್‌ಗಳಲ್ಲಿಯೂ ಒಂದೊಂದು ಸಿಗುತ್ತದೆ. ಈ ಹೋಲ್‌ಗಳಿಗೆ ಆರಂಭದಲ್ಲಿಯೇ ಕಾರ್ಡ್‌ನಲ್ಲಿ ಚುಕ್ಕೆ ಹಾಕಿಟ್ಟುಕೊಂಡರೆ ಗ್ರೀನ್ (ಹೋಲ್ ಸುತ್ತಲಿನ ನಯವಾದ ಹುಲ್ಲುಹಾಸು) ಮೇಲೆ ನಿಂತು ವಾದಿಸುವ ಪ್ರಸಂಗ ಬರುವುದಿಲ್ಲ.

ಎರಡನೆಯದು ಬಾಜಿಯ ಗಾತ್ರ. ಗಾಲ್ಫ್ ನಿಯಮಗಳನ್ನು ರೂಪಿಸುವ ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಮತ್ತು ಅಮೆರಿಕದ ಗಾಲ್ಫ್ ಸಂಸ್ಥೆ ಗೆಳೆಯರ ನಡುವಿನ ಅನೌಪಚಾರಿಕ ಬಾಜಿಯನ್ನು ಆಕ್ಷೇಪಿಸುವುದಿಲ್ಲ. ಆದರೆ ಆಟಗಾರರು ಪರಸ್ಪರ ಪರಿಚಿತರಾಗಿರಬೇಕು, ಭಾಗವಹಿಸುವುದು ಐಚ್ಛಿಕವಾಗಿರಬೇಕು, ಹಣ ಆಡುವವರಿಂದಲೇ ಬರಬೇಕು, ಮೊತ್ತ ಅತಿಯಾಗಿರಬಾರದು, ಮತ್ತು ಆಟದ ಮುಖ್ಯ ಉದ್ದೇಶ ಆನಂದವೇ ಆಗಿರಬೇಕು ಎಂಬುದು ಅವುಗಳ ನಿಲುವು. ನಮ್ಮಲ್ಲಿ ಹಣದ ಬಾಜಿಗೆ ಕಾನೂನಿನ ಕಟ್ಟುಪಾಡುಗಳೂ ಕ್ಲಬ್‌ಗಳ ಸ್ವಂತ ನಿಯಮಗಳೂ ಇರುವುದರಿಂದ, ನನ್ನ ಸಲಹೆಯೆಂದರೆ ರೂಪಾಯಿಯನ್ನು ಬದಿಗಿಟ್ಟು ಅಂಕಗಳಲ್ಲಿ ಲೆಕ್ಕ ಇಟ್ಟುಕೊಂಡು, ಆಟ ಮುಗಿದ ಮೇಲೆ ಆ ಅಂಕಗಳಿಗೆ ಅನುಗುಣವಾಗಿ ತಿಂಡಿ ಮತ್ತು ಕಾಫಿಯ ಬಿಲ್ಲನ್ನು ಹಂಚಿಕೊಳ್ಳುವುದು. ಸೋತವರು ಎಲ್ಲರಿಗೂ ಮಸಾಲೆದೋಸೆ ಕೊಡಿಸುವುದು, ಅಥವಾ ಹೊಸದೊಂದು ಚೆಂಡು ಕೊಡುವುದು, ಇಷ್ಟೇ ಸಾಕು. ಮನೆಗೆ ಹೋಗಿ ಹೇಳಲು ಮುಜುಗರವಾಗುವ ಬಾಜಿ ಗೆಳೆತನದ ಆಟಕ್ಕೆ ತಕ್ಕುದಲ್ಲ.

ಮೂರನೆಯದಾಗಿ, ಮೊದಲ ಟೀಯಲ್ಲಿಯೇ ನಾಲ್ಕು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹೋಲ್‌ಗೆ ಎಷ್ಟು ಹತ್ತಿರದ ಪಟ್ಟನ್ನು (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತವನ್ನು) ಆಡದೆಯೇ ಬಿಟ್ಟುಕೊಡಬಹುದು (ಪಟ್ಟರ್‌ನ ಹಿಡಿಯಷ್ಟು ಉದ್ದ ಎಂಬುದು ಹಲವು ಗುಂಪುಗಳ ಅಳತೆ), ಮೊದಲ ಟೀಯಲ್ಲಿ ಕೆಟ್ಟ ಹೊಡೆತವನ್ನು ಮರುಹೊಡೆಯುವ ಮಲ್ಲಿಗನ್‌ಗೆ ಅವಕಾಶವಿದೆಯೇ, ಬಾಜಿಯನ್ನು ನಡುವೆ ಹೆಚ್ಚಿಸಬಹುದೇ, ಕೊನೆಯ ಹೋಲ್ ಸಮವಾದರೆ ಏನು ಮಾಡಬೇಕು. ನನ್ನ ಅನುಭವದಲ್ಲಿ ಗೆಳೆಯರ ನಡುವೆ ಮನಸ್ತಾಪ ಉಂಟಾಗುವುದು ಸೋತದ್ದಕ್ಕಲ್ಲ. ಹದಿನೇಳನೇ ಗ್ರೀನ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದ ನಿಯಮಕ್ಕೆ.

ಸ್ಟೇಬಲ್‌ಫರ್ಡ್: ಹೊಸ ಗುಂಪು ಆರಂಭಿಸಬೇಕಾದ ಆಟ

ಇದರ ಕರ್ತೃ ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್. ಲಿವರ್‌ಪೂಲ್ ಬಳಿಯ ವಾಲಸಿ ಗಾಲ್ಫ್ ಕ್ಲಬ್‌ನಲ್ಲಿ ಸಮುದ್ರದ ಗಾಳಿಗೆ ಸಿಕ್ಕಿ ಒಂದೆರಡು ಹೋಲ್ ಕೆಟ್ಟೊಡನೆ ಸದಸ್ಯರು ಕಾರ್ಡ್ ಹರಿದುಹಾಕುವಂತಾಗುತ್ತಿತ್ತು. ಅದನ್ನು ತಪ್ಪಿಸಲು ಅವರು ರೂಪಿಸಿದ ಅಂಕಪದ್ಧತಿಯ ಸ್ಪರ್ಧೆ ಅಲ್ಲಿ 1932ರ ಮೇ 16ರಂದು ನಡೆಯಿತು. ಇಂದಿನ ಲೆಕ್ಕ ಹೀಗಿದೆ: ರಿಯಾಯಿತಿ ಕಳೆದ ಮೇಲೆ ಬೋಗಿಗೆ (ಪಾರ್‌ಗಿಂತ ಒಂದು ಹೆಚ್ಚು) 1, ಪಾರ್‌ಗೆ (ಹೋಲ್‌ಗೆ ನಿಗದಿಪಡಿಸಿದ ಹೊಡೆತಗಳು) 2, ಬರ್ಡಿಗೆ (ಒಂದು ಕಡಿಮೆ) 3, ಈಗಲ್‌ಗೆ (ಎರಡು ಕಡಿಮೆ) 4 ಅಂಕ; ಡಬಲ್ ಬೋಗಿ (ಎರಡು ಹೆಚ್ಚು) ಅಥವಾ ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಇಲ್ಲಿ ಹ್ಯಾಂಡಿಕ್ಯಾಪ್ ಪೂರ್ಣವಾಗಿ ದೊರೆಯುವುದರಿಂದ 24ರ ಆಟಗಾರನಿಗೆ ಎಲ್ಲ ಹೋಲ್‌ಗಳಲ್ಲಿ ಒಂದು, ಅತಿ ಕಠಿಣವಾದ ಆರು ಹೋಲ್‌ಗಳಲ್ಲಿ ಎರಡು ರಿಯಾಯಿತಿ. ಸ್ಟ್ರೋಕ್ ಇಂಡೆಕ್ಸ್ 4 ಇರುವ ಪಾರ್ 4 ಹೋಲ್‌ನಲ್ಲಿ ಆತ 6 ಹೊಡೆದರೂ ಲೆಕ್ಕಕ್ಕೆ 4, ಅಂದರೆ 2 ಅಂಕ. ಅದೇ 6 ಹೊಡೆತ ಇಂಡೆಕ್ಸ್ 10ರ ಪಾರ್ 4ರಲ್ಲಿ ಬಂದರೆ ಲೆಕ್ಕಕ್ಕೆ 5, 1 ಅಂಕ. ಯಾರೇ ಆಗಲಿ ತಮ್ಮ ಹ್ಯಾಂಡಿಕ್ಯಾಪ್‌ಗೆ ಸರಿಯಾಗಿ ಆಡಿದರೆ 36 ಅಂಕ ಬರುತ್ತದೆ.

ಅಂಕ ಸಿಗುವುದಿಲ್ಲವೆಂದು ಖಚಿತವಾದಾಗ ಚೆಂಡನ್ನು ಎತ್ತಿಕೊಂಡು ಮುಂದೆ ನಡೆಯಬಹುದು ಎಂಬುದು ಇದರ ದೊಡ್ಡ ಗುಣ. ಹಿಂದಿನ ಗುಂಪು ಕಾಯುತ್ತ ನಿಲ್ಲುವುದಿಲ್ಲ, 9 ಹೊಡೆದವರಿಗೂ 7 ಹೊಡೆದವರಿಗೂ ನಷ್ಟ ಒಂದೇ ಆಗಿರುತ್ತದೆ.

ನಾಸಾ: ಒಂದು ಆಟ, ಮೂರು ಬಾಜಿ

ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿರುವ ನಾಸಾ ಕಂಟ್ರಿ ಕ್ಲಬ್‌ನಲ್ಲಿ 1900ರ ಆಸುಪಾಸಿನಲ್ಲಿ ಹುಟ್ಟಿದ ಈ ಕ್ರಮ ಇಂದಿಗೂ ಅತ್ಯಂತ ಜನಪ್ರಿಯ ಬಾಜಿಗಳಲ್ಲಿ ಒಂದು. ದೊಡ್ಡ ಅಂತರದ ಸೋಲು ಪತ್ರಿಕೆಯಲ್ಲಿ ಅಚ್ಚಾಗುವುದನ್ನು ಅಲ್ಲಿಯ ಸದಸ್ಯರು ಇಷ್ಟಪಡದಿದ್ದುದರಿಂದ, ಯಾವ ಸೋಲೂ 3–0 ಮೀರದ ಹಾಗೆ ಇದನ್ನು ರೂಪಿಸಿದರೆಂದು ಹೇಳುತ್ತಾರೆ. ಮೊದಲ ಒಂಬತ್ತು ಹೋಲ್‌ಗಳಿಗೆ ಒಂದು ಬಾಜಿ, ಕೊನೆಯ ಒಂಬತ್ತಕ್ಕೆ ಒಂದು, ಇಡೀ ಹದಿನೆಂಟಕ್ಕೆ ಇನ್ನೊಂದು. ಬೆಳಿಗ್ಗೆ ಕೈ ಕೂಡಿಬರದೆ ಮೊದಲ ಭಾಗವನ್ನು ಸೋತವರು ಹತ್ತನೇ ಟೀಯಲ್ಲಿ ಹೊಸದಾಗಿ ಆರಂಭಿಸಬಹುದು.

ನಾಲ್ವರಿದ್ದಾಗ ಇದನ್ನು ಜೋಡಿಗಳಾಗಿ ಆಡುವುದು ಹೆಚ್ಚು ಸೊಗಸು. 6 ಮತ್ತು 24 ಒಂದು ಜೋಡಿ, 12 ಮತ್ತು 18 ಇನ್ನೊಂದು. ಎರಡರ ಮೊತ್ತವೂ 30. ಪ್ರತಿ ಹೋಲ್‌ನಲ್ಲಿ ಜೋಡಿಯ ಇಬ್ಬರಲ್ಲಿ ರಿಯಾಯಿತಿ ಕಳೆದು ಉತ್ತಮವಾಗಿರುವ ಸ್ಕೋರನ್ನು ಎದುರು ಜೋಡಿಯ ಉತ್ತಮ ಸ್ಕೋರಿನೊಂದಿಗೆ ಹೋಲಿಸಬೇಕು. ಕಡಿಮೆ ಇದ್ದವರಿಗೆ ಆ ಹೋಲ್. ಸಮವಾದರೆ ಯಾರಿಗೂ ಇಲ್ಲ. ಗೆದ್ದ ಹೋಲ್‌ಗಳ ಎಣಿಕೆಯಿಂದಲೇ ಮೂರೂ ಬಾಜಿಗಳು ತೀರ್ಮಾನವಾಗುತ್ತವೆ.

ನಾಸಾದ ಜೀವ ಇರುವುದು ಪ್ರೆಸ್‌ನಲ್ಲಿ. ಎರಡು ಹೋಲ್ ಹಿಂದೆ ಬಿದ್ದ ಜೋಡಿ, ಆ ಭಾಗದಲ್ಲಿ ಉಳಿದಿರುವ ಹೋಲ್‌ಗಳಿಗೆ ಮಾತ್ರ ಅನ್ವಯಿಸುವ ಹೊಸ ಬಾಜಿಯೊಂದನ್ನು ಕೇಳುವುದಕ್ಕೆ ಪ್ರೆಸ್ ಎನ್ನುತ್ತಾರೆ. ಹಳೆಯ ಬಾಜಿ ಹಾಗೆಯೇ ಮುಂದುವರಿಯುತ್ತದೆ. ಉದಾಹರಣೆಗೆ ಆರನೇ ಹೋಲ್ ಮುಗಿದಾಗ ಮೊದಲ ಜೋಡಿ ಎರಡು ಹೋಲ್ ಹಿಂದಿದೆ ಎನ್ನೋಣ. ಅವರು ಪ್ರೆಸ್ ಕೇಳಿ, ಏಳನೆಯದನ್ನು ಗೆದ್ದು, ಎಂಟನೆಯದನ್ನು ಸಮ ಮಾಡಿಕೊಂಡು, ಒಂಬತ್ತನೆಯದನ್ನೂ ಗೆದ್ದರೆ ಹಳೆಯ ಬಾಜಿ ಸಮವಾಗುತ್ತದೆ, ಪ್ರೆಸ್ ಅವರದಾಗುತ್ತದೆ. ಅರ್ಧ ಗಂಟೆಯ ಹಿಂದೆ ಸೋಲುತ್ತಿದ್ದವರು ಒಂದು ಅಂಕ ಮುಂದೆ ಹೋದಂತಾಯಿತು. ಆದರೆ ಪ್ರೆಸ್ ಮೇಲೆ ಪ್ರೆಸ್ ಕೇಳುತ್ತ ಹೋದರೆ ಲೆಕ್ಕ ಕೈಮೀರುತ್ತದೆ. ಪ್ರತಿ ಒಂಬತ್ತಕ್ಕೆ ಒಂದೇ ಪ್ರೆಸ್ ಎಂದು ಮೊದಲೇ ಮಿತಿ ಹಾಕಿದರೆ ಒಟ್ಟು ಬಾಜಿಗಳು ಐದನ್ನು ಮೀರುವುದಿಲ್ಲ, ಅತಿ ಕೆಟ್ಟ ದಿನದಲ್ಲಿಯೂ ತಮ್ಮ ನಷ್ಟ ಎಷ್ಟೆಂದು ಪ್ರತಿಯೊಬ್ಬರಿಗೂ ಮನೆಯಿಂದ ಹೊರಡುವಾಗಲೇ ತಿಳಿದಿರುತ್ತದೆ.

ಸ್ಕಿನ್ಸ್

ಪ್ರತಿ ಹೋಲ್‌ಗೂ ಒಂದು ಸ್ಕಿನ್. ನಾಲ್ವರಲ್ಲಿ ಒಬ್ಬರೇ ಅತಿ ಕಡಿಮೆ ಸ್ಕೋರ್ ಮಾಡಿದರೆ ಅದು ಅವರದು. ಇಬ್ಬರು ಸಮವಾದರೆ ಯಾರಿಗೂ ಸಿಗದೆ ಮುಂದಿನ ಹೋಲ್‌ಗೆ ಸೇರಿಕೊಳ್ಳುತ್ತದೆ. ಮೊದಲ ಮೂರು ಹೋಲ್ ಸಮವಾದರೆ ನಾಲ್ಕನೆಯದರ ಬೆಲೆ ನಾಲ್ಕು ಸ್ಕಿನ್. ಅಮೆರಿಕದ ಅರಿಜೋನಾದಲ್ಲಿ 1983ರಲ್ಲಿ ಅರ್ನಾಲ್ಡ್ ಪಾಮರ್, ಜಾಕ್ ನಿಕ್ಲಾಸ್, ಗ್ಯಾರಿ ಪ್ಲೇಯರ್ ಮತ್ತು ಟಾಮ್ ವಾಟ್ಸನ್ ದೂರದರ್ಶನಕ್ಕಾಗಿ ಆಡಿದ ಸ್ಪರ್ಧೆ ಈ ಆಟವನ್ನು ಮನೆಮಾತಾಗಿಸಿತು. ಅದನ್ನು ಗೆದ್ದವರು ಪ್ಲೇಯರ್. ರಿಯಾಯಿತಿ ಇಲ್ಲದೆ ಆಡಿದರೆ ಮಾತ್ರ ಎಲ್ಲ ಸ್ಕಿನ್‌ಗಳೂ 6ರ ಆಟಗಾರನ ಪಾಲಾಗುತ್ತವೆ, ಆದ್ದರಿಂದ ಚುಕ್ಕೆಗಳನ್ನು ಇಲ್ಲಿ ಮರೆಯಬಾರದು. ಹದಿನೆಂಟನೆಯದೂ ಸಮವಾದರೆ ಉಳಿದದ್ದನ್ನು ಎಲ್ಲರೂ ಹಂಚಿಕೊಳ್ಳುವುದೋ ಅಥವಾ ಅಭ್ಯಾಸದ ಗ್ರೀನ್‌ನಲ್ಲಿ ಒಂದೊಂದು ಪಟ್ ಆಡಿ ನಿರ್ಧರಿಸುವುದೋ ಎಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು.

ವುಲ್ಫ್: ಬುದ್ಧಿಗೂ ಧೈರ್ಯಕ್ಕೂ ಕೆಲಸ ಕೊಡುವ ಆಟ

ಗುಂಪು ಕೆಲವು ತಿಂಗಳು ಒಟ್ಟಿಗೆ ಆಡಿ ಒಬ್ಬರ ಆಟವನ್ನು ಇನ್ನೊಬ್ಬರು ಅರಿತ ಮೇಲೆ, ನನ್ನ ಅಭಿಪ್ರಾಯದಲ್ಲಿ, ವುಲ್ಫ್‌ಗೆ ಸಮನಾದ ಆಟವಿಲ್ಲ. ಮೊದಲು ಚೀಟಿ ಎತ್ತಿ ನಾಲ್ವರ ಸರದಿಯನ್ನು ಗೊತ್ತುಮಾಡಬೇಕು. ಪ್ರತಿ ಹೋಲ್‌ನಲ್ಲಿ ಸರದಿಯಂತೆ ಒಬ್ಬರು ತೋಳ. ತೋಳ ಮೊದಲು ಟೀ ಹೊಡೆದು, ಅನಂತರ ಉಳಿದವರ ಹೊಡೆತಗಳನ್ನು ಒಂದೊಂದಾಗಿ ನೋಡುತ್ತದೆ. ಎರಡನೆಯವರ ಹೊಡೆತ ಇಷ್ಟವಾದರೆ ಮೂರನೆಯವರು ಹೊಡೆಯುವ ಮೊದಲೇ ಅವರನ್ನು ಜೊತೆಗಾರರೆಂದು ಘೋಷಿಸಬೇಕು. ಒಮ್ಮೆ ಬಿಟ್ಟವರನ್ನು ಮತ್ತೆ ಕರೆಯುವಂತಿಲ್ಲ. ಯಾರನ್ನೂ ಆರಿಸದಿದ್ದರೆ ತೋಳ ಒಂಟಿಯಾಗಿ ಮೂವರ ಎದುರು ಆಡಬೇಕಾಗುತ್ತದೆ.

ಅಂಕಗಳ ಲೆಕ್ಕ ಗುಂಪಿನಿಂದ ಗುಂಪಿಗೆ ಬೇರೆಯಾಗಿರುತ್ತದೆ. ಒಂದು ರೂಢಿ ಹೀಗಿದೆ. ತೋಳ ಮತ್ತು ಜೊತೆಗಾರ ಗೆದ್ದರೆ ಇಬ್ಬರಿಗೂ 2, ಎದುರಾಳಿಗಳಿಬ್ಬರು ಗೆದ್ದರೆ ಅವರಿಗೆ ತಲಾ 3, ಒಂಟಿ ತೋಳ ಗೆದ್ದರೆ 4, ಸೋತರೆ ಉಳಿದ ಮೂವರಿಗೂ ತಲಾ 1. ಹದಿನಾರು ಹೋಲ್‌ಗಳಲ್ಲಿ ಪ್ರತಿಯೊಬ್ಬರೂ ನಾಲ್ಕು ಬಾರಿ ತೋಳವಾಗುತ್ತಾರೆ. ಕೊನೆಯ ಎರಡರಲ್ಲಿ ಆ ಹೊತ್ತಿಗೆ ಅತಿ ಕಡಿಮೆ ಅಂಕ ಗಳಿಸಿರುವವರನ್ನೇ ತೋಳವಾಗಿಸುವುದು ಒಂದು ಹಳೆಯ ಪದ್ಧತಿ, ಮತ್ತು ನಾನು ಆರಂಭದಲ್ಲಿ ಹೇಳಿದ ಅಳತೆಗೆ ಇದಕ್ಕಿಂತ ಚೆನ್ನಾಗಿ ಹೊಂದುವ ನಿಯಮವನ್ನು ಬೇರೆ ಯಾವ ಆಟದಲ್ಲಿಯೂ ಕಂಡಿಲ್ಲ. ಹೊಸಬರು ಮಾಡುವ ತಪ್ಪು ಒಂದಿದೆ: ದೂರ ಹೊಡೆದವರನ್ನೇ ಆರಿಸುವುದು. 24ರ ಆಟಗಾರ ತನಗೆ ರಿಯಾಯಿತಿ ಇರುವ ಹೋಲ್‌ನಲ್ಲಿ ಚೆಂಡನ್ನು ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿ) ನಡುವೆ ಇರಿಸಿದ್ದರೆ, ಮರದ ಕೆಳಗೆ ಸಿಕ್ಕಿಕೊಂಡ 6ರ ಆಟಗಾರನಿಗಿಂತ ಆತನೇ ಮೇಲು.

ಕಲಿಯುತ್ತಿರುವವರು ಜೊತೆಗಿದ್ದಾಗ

ಬಿಂಗೊ ಬ್ಯಾಂಗೊ ಬಾಂಗೊ ಎಂಬ ಆಟದಲ್ಲಿ ಪ್ರತಿ ಹೋಲ್‌ಗೆ ಮೂರು ಅಂಕ: ಮೊದಲು ಗ್ರೀನ್ ತಲುಪಿದವರಿಗೆ ಒಂದು, ಎಲ್ಲರೂ ಗ್ರೀನ್ ಮೇಲೆ ಬಂದಾಗ ಕಂಬಕ್ಕೆ ಅತಿ ಹತ್ತಿರವಿರುವವರಿಗೆ ಒಂದು, ಮೊದಲು ಚೆಂಡನ್ನು ಹೋಲ್‌ಗೆ ಸೇರಿಸಿದವರಿಗೆ ಒಂದು. ಹೊಡೆತಗಳ ಸಂಖ್ಯೆ ಇಲ್ಲಿ ಲೆಕ್ಕಕ್ಕೇ ಇಲ್ಲ. ದೂರ ಇರುವವರೇ ಮೊದಲು ಆಡಬೇಕೆಂಬ ಕ್ರಮವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಬೇಕು, ಏಕೆಂದರೆ ಹಿಂದುಳಿದವರಿಗೆ ಅಂಕದ ಅವಕಾಶ ಸಿಗುವುದೇ ಆ ಕ್ರಮದಿಂದ.

ಮಕ್ಕಳೋ ಮೊದಲ ಬಾರಿ ಮೈದಾನಕ್ಕೆ ಬಂದವರೋ ಸೇರಿಕೊಂಡಿದ್ದರೆ ಸ್ಕ್ರಾಂಬಲ್ ಆಡಿಸಬೇಕು. ತಂಡದ ನಾಲ್ವರೂ ಟೀ ಹೊಡೆದು, ಉತ್ತಮವಾದ ಚೆಂಡನ್ನು ಆರಿಸಿ, ಎಲ್ಲರೂ ಅಲ್ಲಿಂದಲೇ ಮುಂದಿನ ಹೊಡೆತ ಆಡುತ್ತಾರೆ. ಪ್ರತಿಯೊಬ್ಬರ ಟೀ ಹೊಡೆತವನ್ನೂ ಕನಿಷ್ಠ ಮೂರು ಬಾರಿ ಬಳಸಲೇಬೇಕೆಂದು ಷರತ್ತು ಹಾಕಿದರೆ ಹೊಸಬರು ಪ್ರೇಕ್ಷಕರಾಗಿ ಉಳಿಯುವುದಿಲ್ಲ. ಎರಡು ತಂಡಗಳಿದ್ದರೆ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಶಿಫಾರಸು ಮಾಡುವ ರಿಯಾಯಿತಿ, ಕಡಿಮೆ ಹ್ಯಾಂಡಿಕ್ಯಾಪ್‌ನಿಂದ ಆರಂಭಿಸಿ ಕ್ರಮವಾಗಿ ಶೇ 25, 20, 15 ಮತ್ತು 10. ನಮ್ಮ ನಾಲ್ವರಿಗೆ 1.5, 2.4, 2.7 ಮತ್ತು 2.4 ಸೇರಿ ತಂಡದ ರಿಯಾಯಿತಿ 9 ಹೊಡೆತ.

ಇವೆಲ್ಲದರ ಜೊತೆಗೆ ಹೊಂದಿಸಿಕೊಳ್ಳಬಹುದಾದ ಚಿಕ್ಕ ಬಾಜಿ ಸ್ನೇಕ್. ಒಂದು ಗ್ರೀನ್‌ನಲ್ಲಿ ಮೂರು ಪಟ್ ತೆಗೆದುಕೊಂಡವರ ಕೊರಳಿಗೆ ಹಾವು ಬೀಳುತ್ತದೆ. ಇನ್ನೊಬ್ಬರು ಮೂರು ಪಟ್ ಹೊಡೆಯುವವರೆಗೆ ಅದು ಅವರಲ್ಲಿಯೇ ಇರುತ್ತದೆ. ಹದಿನೆಂಟನೇ ಗ್ರೀನ್ ಬಿಡುವಾಗ ಯಾರ ಬಳಿ ಇದೆಯೋ ಅವರು ಎಲ್ಲರಿಗೂ ಕಾಫಿ ಕೊಡಿಸಬೇಕು.

ಲೆಕ್ಕ ತೀರಿಸುವುದು

ಕಾರ್ಡನ್ನು ಒಬ್ಬರೇ ಬರೆಯಲಿ, ಆದರೆ ಪ್ರತಿ ಹೋಲ್ ಮುಗಿದೊಡನೆ ಅಂಕಗಳನ್ನು ಗಟ್ಟಿಯಾಗಿ ಓದಿ ಹೇಳಲಿ. ಎಣಿಕೆಯಲ್ಲಿ ಸಂದೇಹ ಬಂದರೆ ಕ್ಯಾಡಿಯನ್ನು (ಆಟಗಾರನ ಗಾಲ್ಫ್ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆಯುವವರನ್ನು) ಕೇಳಬಹುದು. ಪ್ರತಿ ಹೊಡೆತವನ್ನೂ ಅಷ್ಟು ಗಮನವಿಟ್ಟು ನೋಡಿರುವವರು ಬೇರೆ ಯಾರೂ ಇರುವುದಿಲ್ಲ, ಮತ್ತು ಆಟವನ್ನು ಅವರು ಎಷ್ಟು ಆಳವಾಗಿ ಬಲ್ಲರೆಂಬುದಕ್ಕೆ ಕ್ಯಾಡಿಯಾಗಿ ಆರಂಭಿಸಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಅವರೇ ಸಾಕ್ಷಿ. ಹಾಗೆಂದು ಕ್ಯಾಡಿಗೆ ಸಲ್ಲಬೇಕಾದ ಹಣವನ್ನು ಬಾಜಿಯ ಸೋಲುಗೆಲುವಿನೊಂದಿಗೆ ಎಂದೂ ಬೆರೆಸಬಾರದು. ಸೋತ ದಿನವೂ ಅದು ಪೂರ್ತಿಯಾಗಿ, ಕ್ಲಬ್‌ಹೌಸ್‌ಗೆ ಹೋಗುವ ಮೊದಲೇ ಅವರ ಕೈಸೇರಬೇಕು. ಆಮೇಲೆ ತಿಂಡಿ ತರಿಸಿಕೊಂಡು, ಅಂಕಗಳನ್ನು ಕೂಡಿ ಕಳೆದು, ಬಿಲ್ಲನ್ನು ಅಂದೇ ತೀರಿಸಿಬಿಡಬೇಕು. ಮುಂದಿನ ಭಾನುವಾರದ ಕಾರ್ಡ್‌ಗೆ ಈ ವಾರದ ಬಾಕಿಯನ್ನು ಬರೆದಿಡುವ ಅಭ್ಯಾಸ ಬೇಡ.